ಐಡಿ ಟ್ಯಾಗ್ ಹಿಡಿದು ಮರ ಎಣಿಸೋದು

ಮೂರನೇ ಸೆಮ್‌ನ ಗಣಿತದಲ್ಲಿ ಸ್ಯಾಂಪ್ಲಿಂಗ್ ಅನ್ನೋ ಪಾಠ ಎಲ್ಲರಿಗೂ ನೆನಪಿರಬೇಕು. ಒಂದು ಚೀಲ, ಅದರಲ್ಲಿ ಕೆಂಪು ಚೆಂಡು, ಬಿಳಿ ಚೆಂಡು. ಆಮೇಲೆ ಒಂದು ಬಲ್ಬ್ ಫ್ಯಾಕ್ಟರಿ. ನಾವೆಲ್ಲ ಫಾರ್ಮುಲಾ ಬಾಯಿಪಾಠ ಮಾಡಿದ್ವಿ, 1.96 ಹಾಕಿದ್ವಿ, ಮಾರ್ಕ್ಸ್ ತಗೊಂಡ್ವಿ, ಮರೆತ್ವಿ. ಆ ಚೀಲದ ಚೆಂಡನ್ನು ನಮ್ಮಲ್ಲಿ ಯಾರೂ ಕಣ್ಣಾರೆ ನೋಡಿಲ್ಲ. ಯಾಕೆ ಸ್ಯಾಂಪಲ್ ತಗೋಬೇಕು, ಚೀಲ ಬೋರಲು ಹಾಕಿ ಎಲ್ಲ ಎಣಿಸಿಬಿಟ್ಟರೆ ಆಗಲ್ವಾ ಅಂತ ಕೇಳಿದವರೂ ಇಲ್ಲ.

ಈ ಸೆಮ್‌ನಲ್ಲಿ ಮಿನಿ ಪ್ರಾಜೆಕ್ಟ್ ಐಡಿಯಾ ಕೊಡಿ ಅಂದಾಗ ನಮ್ಮ ಕ್ಲಾಸಿನ ಅರ್ಧ ತಂಡಗಳು ಬರೆದದ್ದು ಡ್ರೋನ್, ಇಲ್ಲಾ ಡೀಪ್ ಲರ್ನಿಂಗ್, ಇಲ್ಲಾ ಎರಡೂ. ನಾವು ನಾಲ್ಕು ಜನವೂ ಅದನ್ನೇ ಬರೆದಿದ್ವಿ: 'ಡ್ರೋನ್ ಚಿತ್ರಗಳಿಂದ ಮರಗಳ ಘನಗಾತ್ರ ಅಂದಾಜು'. (ಘನಗಾತ್ರ ಅನ್ನೋ ಪದವನ್ನು ಈ ಲೇಖನಕ್ಕೋಸ್ಕರ ಕಲಿತದ್ದು. ಎಂಟನೇ ಕ್ಲಾಸಿನಿಂದ ನಮಗೆ ಅದು ವಾಲ್ಯೂಮ್ ಅಷ್ಟೇ.) ಈಗ ನಮ್ಮ ಅಭಿಪ್ರಾಯ ಬದಲಾಗಿದೆ. ಡೇಟಾ ಜಾಸ್ತಿ ಇದ್ದಷ್ಟೂ ಉತ್ತರ ಸರಿ ಇರುತ್ತೆ ಅಂತ ನಮ್ಮ ತಲೆಯಲ್ಲಿ ಕೂತಿದೆಯಲ್ಲ, ಅದು ತಪ್ಪು. ಕಮ್ಮಿ ಅಳೆದು ಸರಿಯಾಗಿ ಹೇಳೋದು ಹೇಗೆ ಅಂತ ಕಲಿಯೋದೇ ಇಂಜಿನಿಯರಿಂಗ್. ಇದನ್ನು ನಮಗೆ ಕಲಿಸಿದ್ದು ಮೂಡಿಗೆರೆ ಕಡೆಯ ಒಂದು ಕಾಫಿ ತೋಟ ಮತ್ತು ಒಬ್ಬ ಅಜ್ಜ.

ನಮ್ಮ ತಂಡದ ಗೆಳತಿಯ ಮನೆಯವರದು ಸಣ್ಣ ತೋಟ. ಕಾಫಿ ಗಿಡದ ನಡುವೆ ನೆರಳಿಗೆ ಸಿಲ್ವರ್ ಓಕ್, ಅದರ ಮೈಮೇಲೆ ಮೆಣಸಿನ ಬಳ್ಳಿ. ಹಣದ ಅಡಚಣೆ ಬಂದಾಗ ಸಿಲ್ವರ್ ಓಕ್ ಮಾರೋದು ಅಲ್ಲಿ ಸಾಮಾನ್ಯ. ಪ್ಲೈವುಡ್ಡಿಗೆ ಹೋಗುತ್ತೆ. ಎರಡು ವರ್ಷದ ಹಿಂದೆ ಅವಳ ಕಾಲೇಜು ಫೀಸಿನ ಹೊತ್ತಿಗೆ ಒಂದು ಪಟ್ಟಿಯ ಮರಗಳನ್ನು ಮಾರಿದ್ದರಂತೆ. ವ್ಯಾಪಾರಿ ಬಂದ, ತೋಟದಲ್ಲಿ ಹತ್ತು ನಿಮಿಷ ಅಡ್ಡಾಡಿದ, ತಲೆಯೆತ್ತಿ ನೋಡಿದ, ಒಟ್ಟಿಗೆ ಇಷ್ಟು ಅಂತ ಒಂದು ಮೊತ್ತ ಹೇಳಿದ. ಅಜ್ಜ ಒಂದಿಷ್ಟು ಜಗ್ಗಾಡಿದರು, ಮುಗೀತು. ನಾವು "ಮೋಸ ಆಯ್ತಾ ಅಜ್ಜ?" ಅಂತ ಕೇಳಿದ್ವಿ. "ಮೋಸ ಆಯ್ತೋ ಇಲ್ವೋ ಅನ್ನೋದೇ ಗೊತ್ತಿಲ್ವಲ್ಲ ಮಗಾ, ಅದೇ ತಲೆಬಿಸಿ" ಅಂದರು. ಈ ವರ್ಷ ಇನ್ನೊಂದು ಎರಡು ಎಕರೆ ಪಟ್ಟಿ ಮಾರುವ ಮಾತಿತ್ತು. ನಾವು ಡ್ರೋನ್ ಬಾಡಿಗೆ ವಿಚಾರಿಸಿದ್ವಿ. ನಮ್ಮ ನಾಲ್ಕೂ ಜನರ ತಿಂಗಳ ಮೆಸ್ ಬಿಲ್ ಸೇರಿಸಿದರೂ ಸಾಲದು.

ಹಾಗಾಗಿ ಲೈಬ್ರರಿ. ಅಲ್ಲಿ ಸಿಕ್ಕಿದ್ದು ಆಸ್ಟ್ರಿಯಾದ ವಾಲ್ಟರ್ ಬಿಟ್ಟರ್‌ಲಿಶ್ ಅನ್ನೋ ಅರಣ್ಯಾಧಿಕಾರಿಯ ಉಪಾಯ. 1948ರಲ್ಲಿ ಪ್ರಕಟವಾದದ್ದು. ಓದಿದಾಗ ನಿಜವಾಗಲೂ ನಂಬಿಕೆ ಬರಲಿಲ್ಲ, ಪೇಪರಿನಲ್ಲಿ ಬರೆದು ನೋಡಿದ ಮೇಲೆ ಬಂತು.

ಉಪಾಯ ಇಷ್ಟೇ. ಕಾಡಿನಲ್ಲಿ ಒಂದು ಕಡೆ ನಿಲ್ಲಿ. ಗೊತ್ತಿರುವ ಅಗಲದ ಒಂದು ಪಟ್ಟಿಯನ್ನು ಕಣ್ಣಿನಿಂದ ಗೊತ್ತಿರುವ ದೂರದಲ್ಲಿ ಹಿಡಿಯಿರಿ. ನಿಂತಲ್ಲೇ ಒಂದು ಸುತ್ತು ತಿರುಗಿ. ಎದೆಯೆತ್ತರದಲ್ಲಿ, ಅಂದರೆ ನಮ್ಮ ದೇಶದ ಲೆಕ್ಕಕ್ಕೆ ನೆಲದಿಂದ 1.37 ಮೀಟರ್ ಮೇಲೆ, ಮರದ ಕಾಂಡ ಆ ಪಟ್ಟಿಗಿಂತ ಅಗಲವಾಗಿ ಕಂಡರೆ ಎಣಿಸಿ. ಪಟ್ಟಿಯ ಹಿಂದೆ ಪೂರ್ತಿ ಅಡಗಿದರೆ ಬಿಟ್ಟುಬಿಡಿ. ಅಳೆಯೋದು ಏನೂ ಇಲ್ಲ. ಟೇಪ್ ಬೇಡ, ಮರದ ಹತ್ತಿರ ಹೋಗೋದೂ ಬೇಡ.

ನಮ್ಮ ಕಾಲೇಜಿನ ಐಡಿ ಟ್ಯಾಗ್‌ನ ಪಟ್ಟಿಗೆ ಸ್ಕೇಲ್ ಇಟ್ಟು ನೋಡಿ, ಅಗಲ 2 ಸೆಂ.ಮೀ. ಇದೆ. ಅದಕ್ಕೊಂದು ದಾರ ಕಟ್ಟಿ, ಕೆನ್ನೆಗೆ ಒತ್ತಿ ಹಿಡಿದು ಎಳೆದರೆ ಕಣ್ಣಿನಿಂದ 50 ಸೆಂ.ಮೀ. ದೂರ ನಿಲ್ಲೋ ಹಾಗೆ ಮಾಡಿ. ಈಗ ಲೆಕ್ಕ. 50 ಭಾಗಿಸು 2 ಅಂದರೆ 25. ಹಾಗಾಗಿ ಒಂದು ಮರ ಪಟ್ಟಿಗಿಂತ ಅಗಲ ಕಾಣಬೇಕಾದರೆ ಅದು ತನ್ನ ವ್ಯಾಸದ 25 ಪಟ್ಟು ದೂರದೊಳಗೆ ಇರಬೇಕು. 20 ಸೆಂ.ಮೀ. ವ್ಯಾಸದ ಮರ 5 ಮೀಟರ್ ಒಳಗೆ, 40 ಸೆಂ.ಮೀ. ಮರ 10 ಮೀಟರ್ ಒಳಗೆ, 60ರದ್ದು 15 ಮೀಟರ್ ಒಳಗೆ. ಅಂದರೆ ಪ್ರತಿ ಮರಕ್ಕೂ ಅದರದೇ ಒಂದು ವೃತ್ತ ಇದೆ, ದಪ್ಪ ಮರಕ್ಕೆ ದೊಡ್ಡ ವೃತ್ತ. ವ್ಯಾಸ d ಆದರೆ ಆ ವೃತ್ತದ ವಿಸ್ತೀರ್ಣ π ಗುಣಿಸು 625 d². ಮರದ ಅಡ್ಡಕೊಯ್ತದ ವಿಸ್ತೀರ್ಣ π ಗುಣಿಸು d² ಭಾಗಿಸು 4. ಎರಡನ್ನೂ ಭಾಗಿಸಿದರೆ d ಹೊಡೆದುಹೋಗುತ್ತೆ! ಉಳಿಯೋದು 2,500ರಲ್ಲಿ 1. ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. ಹಾಗಾಗಿ ನೀವು ಎಣಿಸಿದ ಪ್ರತಿ ಮರವೂ, ಅದು ಸಣ್ಣದಿರಲಿ ದಪ್ಪದಿರಲಿ, ಹೆಕ್ಟೇರಿಗೆ 4 ಚದರ ಮೀಟರ್ ಕಾಂಡದ ಅಡ್ಡಕೊಯ್ತವನ್ನು ಪ್ರತಿನಿಧಿಸುತ್ತೆ. ಐದು ಮರ ಎಣಿಸಿದರಾ? 20 ಚದರ ಮೀಟರ್. ಆ ಸಂಖ್ಯೆಗೆ ಮರದ ಎತ್ತರ ಮತ್ತು ಕಾಂಡ ಮೇಲೆ ಹೋಗ್ತಾ ಎಷ್ಟು ಸಣ್ಣಗಾಗುತ್ತೆ ಅನ್ನೋದನ್ನು ಸೇರಿಸಿದರೆ ಘನಗಾತ್ರ ಬರುತ್ತೆ.

ಆ d ಹೊಡೆದುಹೋದಾಗ ನಮ್ಮಲ್ಲೊಬ್ಬ ಲೈಬ್ರರಿಯಲ್ಲೇ ಜೋರಾಗಿ "ಲೋ!" ಅಂದ. ಹೊರಗೆ ಕಳಿಸಿದರು.

ಇದರ ಬುದ್ಧಿವಂತಿಕೆ ಎಲ್ಲಿದೆ ಅಂದರೆ, ನಾಟಾ ಇರೋದು ದಪ್ಪ ಮರದಲ್ಲಿ. ಸಾಮಾನ್ಯ ಪ್ಲಾಟ್ ಹಾಕಿ ಅಳೆದರೆ ಹತ್ತಾರು ಸಣಕಲು ಗಿಡಗಳಿಗೆ ಟೇಪ್ ಸುತ್ತುತ್ತಾ ಕೂರಬೇಕು, ಅದರಿಂದ ಉತ್ತರ ಏನೂ ಬದಲಾಗಲ್ಲ. ಇಲ್ಲಿ ದಪ್ಪ ಮರ ಸ್ಯಾಂಪಲ್ಲಿಗೆ ಬೀಳುವ ಸಾಧ್ಯತೆ ಅದರ ಅಡ್ಡಕೊಯ್ತದಷ್ಟೇ ಜಾಸ್ತಿ. ನಮ್ಮ ಶ್ರಮ ಎಲ್ಲಿ ಬೇಕೋ ಅಲ್ಲಿಗೇ ಹೋಗುತ್ತೆ. ನಮ್ಮ ಪಠ್ಯಪುಸ್ತಕದ ಚೀಲದಲ್ಲಿ ಎಲ್ಲ ಚೆಂಡಿಗೂ ಒಂದೇ ಸಾಧ್ಯತೆ ಇರುತ್ತಲ್ಲ, ಹೊರಗಿನ ಪ್ರಪಂಚದಲ್ಲಿ ಹಾಗೆ ಸಮಾನವಾಗಿ ಆರಿಸೋದು ಎಷ್ಟೋ ಸಲ ದಂಡ.

ಸರಿ, ಒಂದು ಶನಿವಾರ ಬೆಳಿಗ್ಗೆ ಬಸ್ ಹತ್ತಿ ಹೋದ್ವಿ. ಎಂಟು ಕಡೆ ನಿಂತು ತಿರುಗಿ ಎಣಿಸಿದ್ವಿ. ಒಟ್ಟು 48, ಸರಾಸರಿ 6, ಹೆಕ್ಟೇರಿಗೆ 24 ಚದರ ಮೀಟರ್. ಖುಷಿಯೋ ಖುಷಿ. ಅಜ್ಜ ಕಾಫಿ ಕುಡೀತಾ "ಎಲ್ಲೆಲ್ಲಿ ನಿಂತಿದ್ರಿ?" ಅಂತ ಕೇಳಿದರು. ತೋರಿಸಿದ್ವಿ. ಅವರು ನಕ್ಕರು. ಎಂಟೂ ಜಾಗ ತೋಟದ ರಸ್ತೆಯಲ್ಲೇ ಇದ್ದವು. ನಾವೇನು ಬೇಕಂತ ಮಾಡಿದ್ದಲ್ಲ. ಕಾಫಿ ಗಿಡದ ನಡುವೆ ನುಗ್ಗಿದರೆ ಜಿಗಣೆ, ಮೈಯೆಲ್ಲ ಒದ್ದೆ, ಎದುರು ಏನೂ ಕಾಣಲ್ಲ. ಆದರೆ ರಸ್ತೆ ಬದಿಯ ಸಾಲು ಮೊದಲು ನೆಟ್ಟದ್ದು, ಬೆಳಕೂ ಜಾಸ್ತಿ, ಹಾಗಾಗಿ ಅಲ್ಲಿನ ಮರಗಳೇ ದಪ್ಪ. ಮಧ್ಯಾಹ್ನ ನಕ್ಷೆಯ ಮೇಲೆ ಚೌಕುಳಿ ಹಾಕಿ, ಎಲ್ಲಿ ಬಿತ್ತೋ ಅಲ್ಲಿಗೇ ಹೋಗಿ ನಿಂತು ಮತ್ತೆ ಎಂಟು ಕಡೆ ಎಣಿಸಿದ್ವಿ. ಈ ಸಲ 36. ಹೆಕ್ಟೇರಿಗೆ 18. ಬೆಳಗಿನ ಲೆಕ್ಕ ಮೂರನೇ ಒಂದರಷ್ಟು ಉಬ್ಬಿತ್ತು. ಇದನ್ನು ಒತ್ತಿ ಹೇಳಬೇಕು: ರಸ್ತೆಯ ಮೇಲೆ ಎಂಟರ ಬದಲು ಎಂಟುನೂರು ಕಡೆ ನಿಂತಿದ್ದರೂ ಆ ತಪ್ಪು ಹೋಗುತ್ತಿರಲಿಲ್ಲ. ತಪ್ಪೇ ಇನ್ನೂ ಗಟ್ಟಿ ಧೈರ್ಯದಿಂದ ಹೇಳ್ತಿದ್ವಿ ಅಷ್ಟೇ. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಕ್ಕಿದ ಡೇಟಾ ಮೇಲೆ ಮಾಡೆಲ್ ಟ್ರೇನ್ ಮಾಡಿ ಅಕ್ಯುರೆಸಿ 97 ಅಂತ ಪಿಪಿಟಿ ತೋರಿಸುವ ನಮ್ಮೆಲ್ಲರ ಪ್ರಾಜೆಕ್ಟುಗಳೂ ತೋಟದ ರಸ್ತೆಯ ಮೇಲೇ ನಿಂತಿವೆ ಅಂತ ನಮಗೆ ಅನುಮಾನ.

ಇದೇನು ಹೊಸ ಜ್ಞಾನ ಅಲ್ಲ. 1856ರಲ್ಲಿ ಬರ್ಮಾದ ಪೆಗು ಪ್ರಾಂತ್ಯಕ್ಕೆ ಬಂದ ಡೀಟ್ರಿಶ್ ಬ್ರಾಂಡಿಸ್ ಅಲ್ಲಿನ ತೇಗದ ಕಾಡನ್ನು ಹೀಗೇ ಗೆರೆಗಳ ಮೇಲೆ ಸಾಗಿ ಅಂದಾಜು ಮಾಡಿದವರು. ಆನೆಯ ಮೇಲೆ ಕೂತು, ಒಂದು ಕೈಲಿ ಕೋಲುಗಳು ಇನ್ನೊಂದರಲ್ಲಿ ಚಾಕು ಹಿಡಿದು, ತೇಗ ಕಂಡಾಗ ಅದರ ಗಾತ್ರಕ್ಕೆ ತಕ್ಕ ಕೋಲಿನ ಮೇಲೆ ಗೀಟು ಕೆತ್ತುತ್ತಿದ್ದರು ಅಂತ ಹೇಳುತ್ತಾರೆ. ಅವರೇ ಮುಂದೆ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದದ್ದು. ಫಿನ್ಲೆಂಡ್ 1921ರಲ್ಲಿ ಇಡೀ ದೇಶದ ಕಾಡು ಲೆಕ್ಕ ಹಾಕಲು ಹೊರಟಾಗ ಯಾರೂ ಎಲ್ಲ ಮರ ಎಣಿಸಲಿಲ್ಲ. 26 ಕಿ.ಮೀ. ಅಂತರದಲ್ಲಿ ನೈಋತ್ಯದಿಂದ ಈಶಾನ್ಯಕ್ಕೆ ಗೆರೆ ಎಳೆದು ಆ ಗೆರೆಗಳ ಮೇಲೆ ನಡೆದರು. ಕೆರೆ ಬಂದರೆ ಕೆರೆ, ಗುಡ್ಡ ಬಂದರೆ ಗುಡ್ಡ. ದಾರಿ ಇದ್ದಲ್ಲಿ ಹೋಗಲಿಲ್ಲ, ಗೆರೆ ಹೋದಲ್ಲಿ ಹೋದರು. ನಮ್ಮ ದೇಶದಲ್ಲೂ ಫಾರೆಸ್ಟ್ ಸರ್ವೆ ಆಫ್ ಇಂಡಿಯಾದವರು ಮರಗಳ ದಾಸ್ತಾನು ಹೇಳೋದು ಸ್ಯಾಂಪಲ್ ಪ್ಲಾಟುಗಳಿಂದಲೇ.

ಆದರೆ ಅಜ್ಜನಿಗೆ ಫಿನ್ಲೆಂಡಿನ ಕಥೆ ಬೇಡ. ಅವರ ಪಟ್ಟಿಯಲ್ಲಿ ಇರೋದು ನೂರೆಂಬತ್ತು ಚಿಲ್ಲರೆ ಮರ, ಅವರಿಗೆ ಬೇಕಾದದ್ದು ಅಷ್ಟೂ ಮರದ ಒಟ್ಟು ಘನ ಅಡಿ. ಇಷ್ಟು ಚಿಕ್ಕ ಜಾಗಕ್ಕೆ ನಮ್ಮ ಟ್ಯಾಗ್ ಲೆಕ್ಕ ಒರಟು ಅಂದಾಜು ಮಾತ್ರ. ಎರಡನೇ ಸಲ ಹೋದಾಗ ಇನ್ನೊಂದು ವಿಧಾನ ಓದಿಕೊಂಡು ಹೋಗಿದ್ವಿ. 1960ರ ದಶಕದಲ್ಲಿ ಅಮೆರಿಕದ ಅರಣ್ಯ ಇಲಾಖೆಯ ಗ್ರೋಸೆನ್‌ಬಾ ಅನ್ನುವವರು ರೂಪಿಸಿದ್ದು, ಹೆಸರು 3ಪಿ ಸ್ಯಾಂಪ್ಲಿಂಗ್. ನಮಗೆ ಇದು ಬಿಟ್ಟರ್‌ಲಿಶ್‌ಗಿಂತಲೂ ಇಷ್ಟ ಆಯ್ತು. ಯಾಕಂದ್ರೆ ಇದು ಅನುಭವಸ್ಥರ ಕಣ್ಣಂದಾಜನ್ನು ತಳ್ಳಿಹಾಕಲ್ಲ. ಕೆಲಸಕ್ಕೆ ಹಚ್ಚುತ್ತೆ.

ಹೇಗೆ ಅಂದರೆ, ಪ್ರತಿ ಮರದ ಮುಂದೆ ನಿಂತು ಅಜ್ಜ ಒಂದು ಸಂಖ್ಯೆ ಹೇಳಬೇಕು: "ಹದಿನೈದು ಅಡಿ", "ಇದು ಇಪ್ಪತ್ತೆರಡು". ನಾವು ಬರೆದುಕೊಂಡ ಮೇಲೆ ಫೋನು 1ರಿಂದ 130ರೊಳಗೆ ಒಂದು ರ‍್ಯಾಂಡಮ್ ಸಂಖ್ಯೆ ಕೊಡುತ್ತೆ. ಆ ಸಂಖ್ಯೆ ಅಜ್ಜ ಹೇಳಿದ್ದಕ್ಕಿಂತ ದೊಡ್ಡದಿದ್ದರೆ ಮುಂದಿನ ಮರ. ಸಮ ಅಥವಾ ಚಿಕ್ಕದಿದ್ದರೆ ಆ ಮರವನ್ನು ಸರಿಯಾಗಿ ಅಳೆಯಬೇಕು. 130 ಯಾಕೆ? ಒಟ್ಟು ಸುಮಾರು 2,600 ಅಡಿ ಬರಬಹುದು ಅಂತ ಅಜ್ಜನ ಊಹೆ. ಇಪ್ಪತ್ತು ಮರ ಅಳೆಯುವಷ್ಟು ತ್ರಾಣ ನಮಗಿತ್ತು. 2,600 ಭಾಗಿಸು 20. ದಪ್ಪ ಮರ ಆಯ್ಕೆಯಾಗುವ ಸಾಧ್ಯತೆ ಇಲ್ಲೂ ತಾನಾಗೇ ಜಾಸ್ತಿ. ಕೊನೆಗೆ ಅಳೆದ ಮರಗಳಲ್ಲಿ ನಿಜಕ್ಕೂ ಅಂದಾಜಿಗೂ ಇರುವ ಅನುಪಾತದ ಸರಾಸರಿ ತೆಗೆದು, ಅದನ್ನು ಅಜ್ಜನ ಒಟ್ಟು ಅಂದಾಜಿಗೆ ಗುಣಿಸೋದು. ಅಜ್ಜ ಎಲ್ಲ ಮರಕ್ಕೂ ಜಾಸ್ತಿಯೇ ಹೇಳಲಿ, ಕಮ್ಮಿಯೇ ಹೇಳಲಿ, ಒಂದೇ ತರಹ ಹೇಳಿದರೆ ಸಾಕು, ಅನುಪಾತ ತಿದ್ದಿಬಿಡುತ್ತೆ. ಸಿಎಸ್‌ನವರಿಗೆ ಇದು ರಿಜೆಕ್ಷನ್ ಸ್ಯಾಂಪ್ಲಿಂಗ್ ತರಹ ಕಾಣಬಹುದು, ನೆಂಟಸ್ತಿಕೆ ಇದೆ. ಇಂಥದ್ದೇ ಆಯ್ಕೆಯ ಉಪಾಯವನ್ನು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಡಿ. ಬಿ. ಲಾಹಿರಿ 1951ರಲ್ಲೇ ಕೊಟ್ಟಿದ್ದರು. ಈ ಹೆಸರನ್ನು ನಮಗೆ ಯಾರೂ ಯಾಕೆ ಹೇಳಲಿಲ್ಲ ಅಂತ ಸ್ವಲ್ಪ ಬೇಜಾರಿದೆ.

ಒಂದು ನಿಯಮ ಮುಖ್ಯ. ಅಂದಾಜು ಮೊದಲು, ಫೋನು ಆಮೇಲೆ. ಫೋನು 'ಅಳೆ' ಅಂದ ಕೂಡಲೇ ಅಜ್ಜ "ತಡಿ ತಡಿ, ಹದಿನೆಂಟು ಅನ್ನು, ಆ ಕಡೆ ಗಂಟು ನೋಡಿರಲಿಲ್ಲ" ಅನ್ನೋರು. ನಾವು ಒಪ್ಪಲಿಲ್ಲ. ಅಳೆಯೋ ಮರಕ್ಕೆ ಮಾತ್ರ ಹುಷಾರಾಗಿ ಊಹಿಸಿದರೆ ಬೇರೆ ನೂರರುವತ್ತು ಮರದ ತಪ್ಪು ನಮಗೆ ಗೊತ್ತೇ ಆಗಲ್ಲ. ಐದಾರು ಸಲ ಜಗಳ ಆದ ಮೇಲೆ ಅಜ್ಜ ಗಂಭೀರವಾದರು. ಪ್ರತಿ ಮರದ ಸುತ್ತ ಒಂದು ಸುತ್ತು ಬಂದು, ಮೆಣಸಿನ ಬಳ್ಳಿ ಸರಿಸಿ ನೋಡಿ, ಆಮೇಲೆ ಬಾಯಿ ಬಿಡೋರು. ಅಳತೆಗೆ ಮರಗಸಿಗೆ ಬಂದಿದ್ದ ಅಣ್ಣ ಒಬ್ಬರು ಏಣಿ ಹತ್ತಿ ಐದೈದು ಅಡಿಗೆ ಟೇಪ್ ಸುತ್ತಿ ಸುತ್ತಳತೆ ಕೂಗಿ ಹೇಳಿದರು. ನಾವು ಕೆಳಗೆ ನಿಂತು ಬರೆದ್ವಿ. ಅವರ ಕೆಲಸ ನೋಡಿದ ಮೇಲೆ, 184 ಮರವನ್ನೂ ಹೀಗೆ ಅಳೆಸಿ ಅಂತ ಹೇಳೋಕೆ ಯಾರಿಗೂ ಬಾಯಿ ಬರಲ್ಲ. ಎಲ್ಲ ಎಣಿಸಿಬಿಡಿ ಅನ್ನೋದು ಯಾವಾಗಲೂ ಇನ್ನೊಬ್ಬರ ಮೈಕೈ ನೋವಿನ ಮೇಲೆ ಹೇಳುವ ಮಾತು.

184 ಮರ, ಅಜ್ಜನ ಒಟ್ಟು ಅಂದಾಜು 2,570 ಘನ ಅಡಿ. ಫೋನು ಆರಿಸಿದ್ದು 18 ಮರ. ಸರಾಸರಿ ಅನುಪಾತ 1.19. ಗುಣಿಸಿದರೆ ಸುಮಾರು 3,060. ಪಾಠದಲ್ಲಿ ಹೇಳಿದ ಹಾಗೆ ಶೇ 95ರ ಮಟ್ಟಕ್ಕೆ ತಪ್ಪಿನ ಅಂಚು ಶೇ 8ರಷ್ಟು, ಅಂದರೆ 2,800ರಿಂದ 3,300ರ ನಡುವೆ. ಹದಿನೆಂಟು ಮರದಿಂದ! ಮನೆಯ ಜಗಲಿಯಲ್ಲಿ ಕೂತು, ಎದೆಯುಬ್ಬಿಸಿ "ಅಜ್ಜ, ನೀವು ಶೇ 16ರಷ್ಟು ಕಮ್ಮಿ ಹೇಳಿದ್ದೀರಿ. ವ್ಯಾಪಾರಿಗೆ ಇಷ್ಟು ದಿನ ಪುಕ್ಕಟೆ ಕೊಟ್ಟಿದ್ದೀರಿ" ಅಂದ್ವಿ.

ಅಜ್ಜ ಕೇಳಿದ್ದು ಒಂದೇ ಮಾತು. "ಯಾವ ಅಡಿ?"

ಅಡಿಯಲ್ಲಿ ಎರಡು ಇದೆಯಾ ಅಂತ ನಾವು ಮುಖ ಮುಖ ನೋಡಿಕೊಂಡ್ವಿ. ಇದೆ. ನಾವು ಕಾಂಡವನ್ನು ಸಿಲಿಂಡರ್ ಅಂತ ಹಿಡಿದು π ಹಾಕಿ ಲೆಕ್ಕ ಮಾಡಿದ್ವಿ. ನಾಟಾ ವ್ಯಾಪಾರದಲ್ಲಿ ಹಳೇ ಪದ್ಧತಿ ಬೇರೆ: ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಅದನ್ನು ವರ್ಗ ಮಾಡಿ, ಉದ್ದದಿಂದ ಗುಣಿಸೋದು. 1736ರಲ್ಲಿ ಎಡ್ವರ್ಡ್ ಹಾಪಸ್ ಅನ್ನೋ ಇಂಗ್ಲಿಷಿನವ ಇದರ ಕೋಷ್ಟಕ ಅಚ್ಚು ಹಾಕಿಸಿದ, ಹಾಗಾಗಿ ಹಾಪಸ್ ಅಡಿ. ಬರೆದು ನೋಡಿ: ಅದು ನಿಜವಾದ ಘನಗಾತ್ರದ π/4 ಪಾಲು, ಅಂದರೆ ಶೇ 78.5. ಕೊಯ್ಯುವಾಗ ಹೋಗುವ ಚಕ್ಕೆ ಹೊಟ್ಟಿನ ಲೆಕ್ಕಕ್ಕೆ ಬಿಟ್ಟಿದ್ದು ಅಂತ ಸಮರ್ಥನೆ. ಅಜ್ಜ ಅರುವತ್ತು ವರ್ಷದಿಂದ ಊಹಿಸುತ್ತಿದ್ದದ್ದು ಆ ಅಡಿಯಲ್ಲಿ. ನಮ್ಮ 3,060 ಅನ್ನು ಅದಕ್ಕೆ ಇಳಿಸಿದರೆ 2,400. ಅಂದರೆ ಅಜ್ಜ ಕಮ್ಮಿ ಹೇಳಿರಲಿಲ್ಲ, ತಮ್ಮ ಅಡಿಯಲ್ಲಿ ಶೇ 7ರಷ್ಟು ಜಾಸ್ತಿಯೇ ಹೇಳಿದ್ದರು. ನಮ್ಮ ತಪ್ಪಿನ ಅಂಚೇ ಶೇ 8. ಯಾವ ಮುಖ ಇಟ್ಟುಕೊಂಡು ಅವರನ್ನು ತಿದ್ದೋದು?

ಆದರೂ ಈ ಲೆಕ್ಕ ದಂಡ ಆಯ್ತು ಅಂತ ನಾವು ಒಪ್ಪಲ್ಲ. ಮೊದಲು ಅಜ್ಜನ ಹತ್ತಿರ ಇದ್ದದ್ದು ಒಂದು ಊಹೆ, ವ್ಯಾಪಾರಿಯ ಹತ್ತಿರ ಇನ್ನೊಂದು ಊಹೆ. ದಿನಾ ಮರ ನೋಡುವವನ ಊಹೆ ಯಾವತ್ತೂ ಗೆಲ್ಲುತ್ತೆ, ಯಾಕಂದ್ರೆ ಅವನು ಕೊಯ್ದ ಮೇಲೆ ಮಿಲ್ಲಿನಲ್ಲಿ ನಿಜ ಎಷ್ಟಿತ್ತು ಅಂತ ನೋಡ್ತಾನೆ. ಮಾರಿದವರು ನೋಡಲ್ಲ. ಈಗ ಅಜ್ಜನ ಊಹೆಗೆ ಎಷ್ಟು ನಂಬಬಹುದು ಅನ್ನೋದರ ಲೆಕ್ಕ ಸಿಕ್ಕಿದೆ. ಬೆಲೆ ಯಾವ ಅಡಿಗೆ ಅಂತ ಮೊದಲೇ ಕೇಳಬೇಕು ಅನ್ನೋದೂ ನಮ್ಮ ಪುಸ್ತಕದಲ್ಲಿ ಬಂದಿದೆ, ಅದನ್ನು ಕೊಟ್ಟಿದ್ದು ಅಜ್ಜನೇ.

ಡ್ರೋನ್ ಬೇಡವೇ ಬೇಡ ಅಂತ ನಾವು ಹೇಳ್ತಿಲ್ಲ, ದಯವಿಟ್ಟು ಇಸಿಯವರು ಜಗಳಕ್ಕೆ ಬರಬೇಡಿ. ಫಿನ್ಲೆಂಡಿನವರೇ ಈಗ ಉಪಗ್ರಹ ಚಿತ್ರ ಬಳಸುತ್ತಾರೆ. ಆದರೆ ಅದರ ಜೊತೆಗೆ ನೆಲದ ಮೇಲಿನ ಪ್ಲಾಟುಗಳು ಇದ್ದೇ ಇವೆ. ಮೇಲಿಂದ ನೋಡಿದರೆ ತಲೆ ಕಾಣುತ್ತೆ, ಕಾಂಡದ ದಪ್ಪ ಕಾಣಲ್ಲ. ತಲೆಯಿಂದ ಕಾಂಡ ಊಹಿಸಲು ಯಾರೋ ಕೆಳಗೆ ನಿಂತು ಸರಿಯಾದ ಜಾಗದಲ್ಲಿ ಸರಿಯಾದ ಮರಕ್ಕೆ ಟೇಪ್ ಸುತ್ತಿರಬೇಕು. ಆ ಕೆಲಸಕ್ಕೆ ಮಾರ್ಕ್ಸ್ ಇಲ್ಲ ಅನ್ನೋದೇ ನಮ್ಮ ತಕರಾರು. ನಮ್ಮ ಪ್ರಾಜೆಕ್ಟ್ ರಿವ್ಯೂನಲ್ಲಿ ಐಡಿ ಟ್ಯಾಗ್ ತೋರಿಸಿದಾಗ ಮೊದಲು ಬಂದ ಪ್ರಶ್ನೆ "ಇದರಲ್ಲಿ ಟೆಕ್ನಾಲಜಿ ಎಲ್ಲಿದೆ?" ಬೋರ್ಡಿನ ಮೇಲೆ d ಹೊಡೆದುಹಾಕಿ ತೋರಿಸಿದ್ವಿ. ಇನ್ನೂ ಒಪ್ಪಿಗೆ ಬಂದಿಲ್ಲ.

ವ್ಯಾಪಾರಿ ದೀಪಾವಳಿ ಕಳೆದು ಬರ್ತಾನಂತೆ. ಅಜ್ಜ ಎರಡೂ ಅಡಿಯ ಲೆಕ್ಕವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದುಕೊಡಿ ಅಂತ ಹೇಳಿ ಕಳಿಸಿದ್ದಾರೆ. ನಮ್ಮ ಕೈಬರಹ ಅಷ್ಟಕ್ಕಷ್ಟೇ, ಕ್ಲಬ್ಬಿನಲ್ಲಿ ಯಾರಾದರೂ ಚೆನ್ನಾಗಿ ಬರೆಯೋರು ಇದ್ದರೆ ಸಹಾಯ ಮಾಡಿ. ಮುಂದಿನ ಶನಿವಾರ ಸಂಜೆ ಐದಕ್ಕೆ ಬಾಯ್ಸ್ ಹಾಸ್ಟೆಲ್ ಹಿಂದಿನ ನೀಲಗಿರಿ ತೋಪಿನಲ್ಲಿ ಟ್ಯಾಗ್ ಹಿಡಿದು ಎಣಿಸುತ್ತೇವೆ. ಬರೋರು ಐಡಿ ಕಾರ್ಡ್ ತನ್ನಿ, ದಾರ ನಾವು ಕೊಡ್ತೀವಿ. ಎಲ್ಲಿ ನಿಲ್ಲಬೇಕು ಅನ್ನೋದನ್ನು ಫೋನು ಹೇಳುತ್ತೆ, ಆಮೇಲೆ ಮುಳ್ಳಿದೆ, ಕೆಸರಿದೆ ಅಂತ ಅನ್ನಬೇಡಿ.